ನೆಲದಡಿಯ ಹಳ್ಳಗಳ ಜಾಡಿನಲ್ಲಿ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಬಿಡುವು ಸಿಕ್ಕಾಗಲೆಲ್ಲ ಗಂಬೂಟು ತೊಟ್ಟು, ಟಾರ್ಚು ಹಿಡಿದು ಮೋರಿಯೊಳಗೆ ನಡೆಯುವವರ ಒಂದು ಕೂಟವಿದೆ. ಹೆಸರು ಕೇವ್ ಕ್ಲಾನ್. 1986ರ ಜನವರಿ 26ರಂದು ಮೂವರು ಹದಿಹರೆಯದ ಹುಡುಗರು ಕಟ್ಟಿಕೊಂಡ ಈ ಕೂಟ ಸಿಡ್ನಿ ಮೊದಲಾದ ಊರುಗಳಿಗೂ ಹಬ್ಬಿತು. ಅವರು ಒಂದೊಂದು ಮೋರಿಗೂ ಹೆಸರಿಟ್ಟಿದ್ದಾರೆ, ನಕ್ಷೆ ಬರೆದುಕೊಂಡಿದ್ದಾರೆ, ವರ್ಷಕ್ಕೊಮ್ಮೆ ತಮ್ಮತಮ್ಮಲ್ಲೇ ಪ್ರಶಸ್ತಿ ಹಂಚಿಕೊಳ್ಳುತ್ತಾರೆ. ಮಳೆ ಬರುವಂತಿದ್ದರೆ ಮೋರಿಗೆ ಇಳಿಯಬಾರದು ಎಂಬುದು ಅವರ ಮೊದಲ ಕಟ್ಟಳೆ. ಇದನ್ನು ಕೇಳಿದ ಕನ್ನಡಿಗರು ಮುಖ ಸಿಂಡರಿಸಿದರೆ ತಪ್ಪೇನಿಲ್ಲ. ನಮ್ಮ ಊರುಗಳ ಮೋರಿಗಳು ಹಾಗಿವೆ. ಆದರೆ ಅಲ್ಲಿನ ಹುಡುಗರು ಆರಾಮವಾಗಿ ನಡೆದು ವಾಪಸು ಬರುವುದು ಬರೀ ಧೈರ್ಯದಿಂದಲ್ಲ. ಮೋರಿಯಲ್ಲಿ ಮನುಷ್ಯ ನಡೆಯಬಹುದಾದಂಥ ಊರು ತನ್ನ ನೀರನ್ನು ಸರಿಯಾಗಿ ನೋಡಿಕೊಂಡ ಊರು ಎಂಬುದು ನನ್ನ ವಾದ. ಈ ಹವ್ಯಾಸವನ್ನು ಹುಚ್ಚಾಟವೆಂದು ತಳ್ಳಿಹಾಕುವ ಬದಲು ಅದು ಯಾಕೆ ಸಾಧ್ಯವಾಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ.

1880ರ ದಶಕದಲ್ಲಿ ಚಿನ್ನದ ಹಣದಿಂದ ಬೀಗುತ್ತಿದ್ದ ಮೆಲ್ಬರ್ನ್, ತನ್ನ ಹೊಲಸನ್ನೆಲ್ಲ ತೆರೆದ ಚರಂಡಿಗಳ ಮೂಲಕ ಯಾರಾ ನದಿಗೆ ಬಿಡುತ್ತಿತ್ತು. 'ಸ್ಮೆಲ್‌ಬರ್ನ್' ಎಂದು ಜನ ಅದನ್ನು ಹಂಗಿಸುತ್ತಿದ್ದರು. 1891ರಲ್ಲಿ ಒಳಚರಂಡಿಯ ಹೊಣೆ ಹೊತ್ತ ಒಂದು ಮಂಡಳಿ ರಚನೆಯಾಯಿತು. 1897ರಲ್ಲಿ ಮೊದಲ ಮನೆಗಳಿಗೆ ಒಳಚರಂಡಿ ಸಂಪರ್ಕ ಸಿಕ್ಕಿತು. ಮನೆಗಳ ಕೊಳಚೆ ಸ್ಪಾಟ್ಸ್‌ವುಡ್‌ನ ಉಗಿಯಂತ್ರಗಳ ಪಂಪಿಂಗ್ ಠಾಣೆಯನ್ನು ದಾಟಿ ವೆರಿಬಿಯ ಬಯಲಿಗೆ ಹೋಯಿತು. ಮಳೆನೀರಿಗೆ ಬೇರೆಯದೇ ದಾರಿ ಇತ್ತು. ಅದು ಹಳ್ಳ, ತೊರೆಗಳ ಜಾಡಿನಲ್ಲೇ ನದಿ ಸೇರುತ್ತದೆ. ಕೇವ್ ಕ್ಲಾನಿನ ಹುಡುಗರು ನಡೆದದ್ದು ಹೆಚ್ಚಾಗಿ ಈ ಎರಡನೆಯ ಜಾಲದಲ್ಲಿ. ಊರಿನ ನಡುಮಧ್ಯದ ಎಲಿಜಬೆತ್ ಸ್ಟ್ರೀಟ್ ಒಂದು ಕಾಲದಲ್ಲಿ ಹಳ್ಳದ ಪಾತ್ರ. ಹಳ್ಳವನ್ನು ಮೋರಿಯೊಳಗೆ ಹೂತು ಮೇಲೆ ಅಂಗಡಿಸಾಲು ಎಬ್ಬಿಸಿದರು. 1972ರ ಫೆಬ್ರುವರಿಯಲ್ಲಿ ಸುರಿದ ಒಂದು ಮಳೆಗೆ ಆ ರಸ್ತೆ ಮತ್ತೆ ಹೊಳೆಯಾಯಿತು, ಕಾರುಗಳು ನೀರಿನಲ್ಲಿ ಮುಳುಗಿ ನಿಂತವು. ಹೂತ ಹಳ್ಳ ಸತ್ತಿರುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೇಲೆ ನಡೆಯುವವರು ಮರೆತ ಈ ಸಂಗತಿ ಒಳಗೆ ನಡೆಯುವವರಿಗೆ ಪಾದದಲ್ಲೇ ಗೊತ್ತಾಗುತ್ತದೆ.

ಲಂಡನ್ನಿನ ಕಥೆ ಬೇರೆ, ಮತ್ತು ನನ್ನ ಮಟ್ಟಿಗೆ ಅದರ ಸೊಗಸೂ ಬೇರೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತಕ್ಕೆ ಪಾರ್ಲಿಮೆಂಟಿನವರೇ ಕಂಗೆಟ್ಟ ಮೇಲೆ ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ಕೈಗೆ ಹಣ ಬಂತು. ನದಿಗೆ ಸಮಾನಾಂತರವಾಗಿ 82 ಮೈಲಿಯಷ್ಟು ಮುಖ್ಯ ಕೊಳವೆಗಳನ್ನು ಅವರು ಇಟ್ಟಿಗೆಯಲ್ಲಿ ಕಟ್ಟಿಸಿದರು. ಅಲ್ಲಿನ ಎಷ್ಟೋ ಮೋರಿಗಳ ಅಡ್ಡಕೊಯ್ತ ದುಂಡಗಿಲ್ಲ. ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿದ ಮೊಟ್ಟೆಯ ಆಕಾರ. ಈ ಆಕಾರದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಅಗಲ ತಳದ ಮೋರಿಯಲ್ಲಿ ಬೇಸಿಗೆಯ ತೆಳು ನೀರು ಹರಡಿಕೊಂಡು ನಿಧಾನವಾಗುತ್ತದೆ, ಹೂಳು ಅಲ್ಲೇ ಕೂರುತ್ತದೆ, ಅದನ್ನು ಬಾಚಲು ಮನುಷ್ಯ ಇಳಿಯಬೇಕಾಗುತ್ತದೆ. ತಳ ಕಿರಿದಾಗಿದ್ದರೆ ಅಷ್ಟೇ ನೀರು ಆಳವಾಗಿ, ರಭಸವಾಗಿ ಹರಿದು ಹೂಳನ್ನು ತಾನೇ ಹೊತ್ತೊಯ್ಯುತ್ತದೆ. ಜೋರು ಮಳೆಯಲ್ಲಿ ನೀರು ಏರಿದಂತೆ ಮೇಲಿನ ಅಗಲ ಜಾಗ ಕೊಡುತ್ತದೆ, ಮೇಲಿನ ಕಮಾನು ಮಣ್ಣಿನ ಭಾರ ಹೊರುತ್ತದೆ. ಸಲಿಕೆ ಮಾಡಬೇಕಾದ ಕೆಲಸವನ್ನು ಆಕಾರವೊಂದೇ ಮಾಡಿತು! ಇದನ್ನು ಪಠ್ಯಪುಸ್ತಕದ ಗೆರೆಚಿತ್ರದಲ್ಲಿ ನೋಡುವುದಕ್ಕೂ ಹವ್ಯಾಸಿಗಳು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಕತ್ತಲಲ್ಲಿ ತೆಗೆದ ಚಿತ್ರಗಳಲ್ಲಿ ನೋಡುವುದಕ್ಕೂ ಅಜಗಜಾಂತರವಿದೆ. ಎಲ್ಲಿ ಹಳೆಯ ಇಟ್ಟಿಗೆ ಮುಗಿದು ಕಾಂಕ್ರೀಟು ಶುರುವಾಯಿತು, ಫ್ಲೀಟ್‌ನಂಥ ಹೂತ ನದಿ ಎಲ್ಲಿ ಮೋರಿಯಾಯಿತು ಎಂಬುದು ಆ ಚಿತ್ರಗಳಿಂದ ಸಾಮಾನ್ಯರಿಗೂ ತಿಳಿಯಿತು. ಆದರೆ ಲಂಡನ್ ಮಳೆನೀರನ್ನೂ ಮಲವನ್ನೂ ಒಂದೇ ಕೊಳವೆಗೆ ಬಿಟ್ಟಿತು. ಮಳೆ ಹೆಚ್ಚಾದಾಗ ಎರಡೂ ಉಕ್ಕಿ ಥೇಮ್ಸ್‌ಗೆ ಬೀಳುತ್ತಿದ್ದವು. ಅದನ್ನು ತಡೆಯಲು 25 ಕಿಲೋಮೀಟರು ಉದ್ದದ ಹೊಸ ಸುರಂಗ ಕೊರೆದು ಪೂರ್ತಿ ಬಳಕೆಗೆ ತರುವಷ್ಟರಲ್ಲಿ 2025 ಬಂತು.

ಇಂಥ ಕೊಳವೆಗಳಲ್ಲಿ ಮಲವೂ ಹರಿಯುವುದರಿಂದಲೇ ಅಪಾಯದ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಕೊಳಚೆ ಕೊಳೆತಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡಿಬರುತ್ತೇನೆ ಎಂದು ಯಾರೂ ನೆಚ್ಚುವಂತಿಲ್ಲ, ಏಕೆಂದರೆ ಪ್ರಮಾಣ ಹೆಚ್ಚಿದರೆ ಆ ಅನಿಲ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ಮಲದ ಕೊಳವೆಗೆ ಹವ್ಯಾಸಕ್ಕಾಗಿ ಇಳಿಯುವುದನ್ನು ನಾನು ಸಮರ್ಥಿಸಲಾರೆ. ಅನುಮತಿಯಿಲ್ಲದೆ ನುಗ್ಗುವುದು ಅಪರಾಧವಲ್ಲವೇ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಅದಕ್ಕೆ ಉತ್ತರ ಬಾಗಿಲು ಮುಚ್ಚುವುದಲ್ಲ, ಜೊತೆಗೆ ನಿಂತು ತೆರೆಯುವುದು. ಯೂಜೀನ್ ಬೆಲ್‌ಗ್ರಾಂಡ್ ಕಟ್ಟಿದ ಪ್ಯಾರಿಸ್ಸಿನ ಒಳಚರಂಡಿಗಳನ್ನು 1867ರ ವಸ್ತುಪ್ರದರ್ಶನದ ಹೊತ್ತಿಗೇ ಸಾರ್ವಜನಿಕರಿಗೆ ತೋರಿಸಲಾಯಿತು. ಇಂದಿಗೂ ಅಲ್ಲಿ ವಸ್ತುಸಂಗ್ರಹಾಲಯವಿದೆ, ಮೇಲಿನ ಬೀದಿಗಳ ಹೆಸರಿನ ಫಲಕಗಳು ಕೆಳಗೂ ಇವೆ. ಇಟಲಿಯ ಬ್ರೆಷಾದಲ್ಲಿ ಕದ್ದು ಇಳಿಯುತ್ತಿದ್ದವರೇ ಮುಂದೆ ಅನುಮತಿ ಪಡೆದು ಊರಿನವರಿಗೆ ನೆಲದಡಿಯ ನದಿಗಳನ್ನು ತೋರಿಸುವ ಮಾರ್ಗದರ್ಶಿಗಳಾದರು.

ಇದೆಲ್ಲಕ್ಕಿಂತ ಭಾರವಾದ ಆಕ್ಷೇಪ ನಮ್ಮ ನೆಲದ್ದು. ಜಾತಿಯ ಕಾರಣಕ್ಕೆ ತಲೆತಲಾಂತರದಿಂದ ಮ್ಯಾನ್‌ಹೋಲಿಗೆ ಇಳಿಸಲ್ಪಟ್ಟವರು ಸಾಯುತ್ತಲೇ ಇರುವ ದೇಶದಲ್ಲಿ ಮೋರಿಯನ್ನು ವಿಹಾರವೆಂದು ಹೊಗಳುವುದು ಕ್ರೌರ್ಯವಲ್ಲವೇ? ಕೆಜಿಎಫ್‌ನಲ್ಲಿ ಹುಟ್ಟಿ ಈ ಅನಿಷ್ಟದ ವಿರುದ್ಧ ದೇಶವ್ಯಾಪಿ ಹೋರಾಟ ಕಟ್ಟಿದ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸುವ ಕಾನೂನು 2013ರಲ್ಲೇ ಆಗಿದೆ. ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಸಾವುಗಳು ನಿಂತಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಒಳಗೆ ಏನಿದೆ ಎಂದು ಉಳಿದ ನಾಗರಿಕರು ಎಂದೂ ಕಾಣದಂತೆ ಇಟ್ಟದ್ದರಿಂದಲೇ ಆ ಸಾವುಗಳು ಇಷ್ಟು ಅಗ್ಗವಾದವು. ಒಬ್ಬ ಎಂಜಿನಿಯರನೋ ಕಾರ್ಪೊರೇಟರೋ ತಾನು ಕಾಲಿಡಲಾರದ ಕಡೆಗೆ ಇನ್ನೊಬ್ಬರನ್ನು ಕಳಿಸುವ ಏರ್ಪಾಡು ಕತ್ತಲಲ್ಲಿ ಮಾತ್ರ ಬಾಳುತ್ತದೆ.

ಬೆಂಗಳೂರಿನ ರಾಜಕಾಲುವೆಗಳು ಕೆರೆಯಿಂದ ಕೆರೆಗೆ ಮಳೆನೀರು ಸಾಗಿಸಲು ಇದ್ದವು, ಅಂದರೆ ಮೆಲ್ಬರ್ನ್ ಕಷ್ಟಪಟ್ಟು ಮಾಡಿಕೊಂಡ ವಿಂಗಡಣೆಯ ಒಂದು ಪಾಲು ನಮಗೆ ಪೂರ್ವಿಕರಿಂದಲೇ ಬಂದಿತ್ತು. ಅದರೊಳಗೆ ಕೊಳಚೆ ಬಿಟ್ಟವರು ನಾವು. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕೆ-100 ಕಾಲುವೆಯಿಂದ ಕೊಳಚೆಯನ್ನು ಬೇರೆಡೆಗೆ ತಿರುಗಿಸಿ, ದಡದಲ್ಲಿ ಜನ ಓಡಾಡುವಂತೆ ಮಾಡುವ ಯೋಜನೆ ಕೈಗೊಂಡದ್ದು ಸರಿಯಾದ ದಿಕ್ಕಿನ ಹೆಜ್ಜೆ. ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಕೊಳಚೆ ಬರುವುದು ನಿಂತ ಕಾಲುವೆಗಳ ಮೇಲೆ ಚಪ್ಪಡಿ ಮುಚ್ಚಿದ ಭಾಗಗಳಲ್ಲಿ, ಮುಂಗಾರಿಗೆ ಮೊದಲು, ಅನಿಲ ಪರೀಕ್ಷೆ ಮಾಡಿಸಿ, ಎಂಜಿನಿಯರರನ್ನು ಮುಂದೆ ಬಿಟ್ಟುಕೊಂಡು ಬಡಾವಣೆಯವರು ನಡೆದು ನೋಡುವ ಹಕ್ಕು ಸಿಗಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಒತ್ತುವರಿ ಎಲ್ಲಿದೆ, ಯಾರದ್ದು ಎಂದು ವಾರಗಟ್ಟಲೆ ನಕ್ಷೆ ಹಿಡಿದು ವಾದಿಸಿದರು. ಕಾಲುವೆ ಎಲ್ಲಿ ಥಟ್ಟನೆ ಕಿರಿದಾಗುತ್ತದೆ, ಯಾರ ಅಡಿಪಾಯ ಒಳಗೆ ಚಾಚಿದೆ ಎನ್ನುವುದು ಕೆಳಗಿನಿಂದ ನೋಡಿದವರಿಗೆ ಒಂದೇ ನಡಿಗೆಯಲ್ಲಿ ಕಾಣುತ್ತದೆ.