ಇಪ್ಪತ್ತು ವರ್ಷ ಕಾದ ಪಾರಿತೋಷಕ

ಕಾಲ್ಚೆಂಡಿನ ಆಟದಲ್ಲಿ ಪೆನಾಲ್ಟಿ ಒದೆತವು ನೋಡುವವರಿಗೆ ಬಹು ಸುಲಭವಾಗಿ ತೋರುತ್ತದೆ. ಗೋಲಿಗೆ ಹನ್ನೆರಡೇ ಗಜಗಳ ದೂರ; ಎದುರಿಗೆ ಗೋಲುರಕ್ಷಕನೊಬ್ಬನೇ. ಆದರೆ ಒದೆಯುವವನ ಹೆಗಲ ಮೇಲೆ ಕೆಲವೊಮ್ಮೆ ಇಡೀ ದೇಶದ ಆಸೆಯೇ ಕುಳಿತಿರುತ್ತದೆ. ಪಶ್ಚಿಮ ಆಫ್ರಿಕದ ಸೆನೆಗಾಲ್ ದೇಶದ ಅಲಿಯು ಸಿಸ್ಸೆ ಆ ಭಾರವನ್ನು ಚೆನ್ನಾಗಿ ಬಲ್ಲವನು.

ಸಿಸ್ಸೆ ಜನಿಸಿದುದು 1976ರಲ್ಲಿ, ದಕ್ಷಿಣ ಸೆನೆಗಾಲಿನ ಜಿಗಿಂಶೋರ್ ಪಟ್ಟಣದಲ್ಲಿ. ಬಾಲ್ಯದಲ್ಲಿಯೇ ಫ್ರಾನ್ಸ್ ಸೇರಿ, ಮುಂದೆ ಪ್ಯಾರಿಸ್ ಸೇಂಟ್ ಜರ್ಮೇನ್, ಬರ್ಮಿಂಗ್‌ಹ್ಯಾಮ್ ಸಿಟಿ ಮೊದಲಾದ ತಂಡಗಳಲ್ಲಿ ಆಡಿದನು. ಗೋಲು ಹೊಡೆದು ಹೆಸರಾದವನಲ್ಲ. ಎದುರಾಳಿಗಳ ದಾಳಿಯನ್ನು ಮುರಿಯುವುದೇ ಆತನ ಕೆಲಸ.

2002ರ ಫೆಬ್ರವರಿ 10ರಂದು ಮಾಲಿ ದೇಶದ ಬಮಾಕೊ ನಗರದಲ್ಲಿ ಆಫ್ರಿಕ ರಾಷ್ಟ್ರಗಳ ಪಂದ್ಯಾವಳಿಯ ಅಂತಿಮ ಪಂದ್ಯ. ಸೆನೆಗಾಲ್ ಆ ಹಂತವನ್ನು ಮುಟ್ಟಿದುದು ಅದೇ ಮೊದಲು. ಕ್ಯಾಮರೂನಿನೊಡನೆ ನಡೆದ ಆಟ ಗೋಲಿಲ್ಲದೆ ಮುಗಿದು, ನಿರ್ಣಯವು ಪೆನಾಲ್ಟಿಗಳಿಗೆ ಬಿದ್ದಿತು. ಕೊನೆಯ ಒದೆತ ನಾಯಕ ಸಿಸ್ಸೆಯದು. ಗೋಲುರಕ್ಷಕನು ಚೆಂಡನ್ನು ತಡೆದನು, ಪಾರಿತೋಷಕ ಕೈಜಾರಿತು.

ಅದೇ ವರ್ಷದ ಮೇ 31ರಂದು ಸಿಯೋಲ್‌ನಲ್ಲಿ, ಸಿಸ್ಸೆಯ ತಂಡವು ಆಗಿನ ವಿಶ್ವವಿಜೇತ ಫ್ರಾನ್ಸನ್ನು 1-0ರಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿತು. ಒಂದು ಕಾಲಕ್ಕೆ ತಮ್ಮನ್ನು ಆಳಿದ ದೇಶದ ಮೇಲಿನ ಗೆಲುವು ಅದು. ಆ ಸಂತೋಷ ಆರುವ ಮುನ್ನವೇ, ಸೆಪ್ಟೆಂಬರ್ 26ರ ರಾತ್ರಿ, ಜಿಗಿಂಶೋರಿನಿಂದ ರಾಜಧಾನಿ ಡಾಕರ್‌ಗೆ ಹೊರಟಿದ್ದ ‘ಜೂಲಾ’ ಎಂಬ ಹಡಗು ಮಿತಿಮೀರಿ ಜನರನ್ನು ಹೊತ್ತು ಸಮುದ್ರದಲ್ಲಿ ಮಗುಚಿತು. 1,800ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಸಿಸ್ಸೆಯ ಬಂಧುಗಳು ಹಲವರಿದ್ದರು. ತಪ್ಪಿದ ಪೆನಾಲ್ಟಿಯ ನೋವು ಈ ದುಃಖದ ಮುಂದೆ ಎಷ್ಟರದು!

ಆಫ್ರಿಕದ ದೇಶಗಳು ತರಬೇತುದಾರರನ್ನು ಯೂರೋಪಿನಿಂದ ಕರೆತರುವುದು ಬಹುಕಾಲದ ರೂಢಿ. 2002ರ ತಂಡದ ಗುರು ಬ್ರೂನೊ ಮೆಟ್ಸು ಸಹ ಫ್ರೆಂಚರವನೇ. 2015ರಲ್ಲಿ ಸೆನೆಗಾಲ್ ಆ ಹೊಣೆಯನ್ನು ತನ್ನದೇ ಮಗನಾದ ಸಿಸ್ಸೆಗೆ ವಹಿಸಿತು. ಅದೃಷ್ಟ ಮಾತ್ರ ಬೇಗನೆ ಒಲಿಯಲಿಲ್ಲ. 2018ರ ವಿಶ್ವಕಪ್ ಪಂದ್ಯಾವಳಿಯಲ್ಲಿ ಅಂಕಗಳಲ್ಲಿಯೂ ಗೋಲುಗಳಲ್ಲಿಯೂ ಜಪಾನಿಗೆ ಸಮನಾಗಿದ್ದು, ಎರಡು ಹಳದಿ ಚೀಟಿ ಹೆಚ್ಚು ಪಡೆದ ಕಾರಣಕ್ಕೆ ತಂಡ ಹೊರಬಿದ್ದಿತು. 2019ರಲ್ಲಿ ಕೈರೋದಲ್ಲಿ ನಡೆದ ಆಫ್ರಿಕದ ಅಂತಿಮ ಪಂದ್ಯದಲ್ಲಿ ಆಲ್ಜೀರಿಯ 1-0ರಿಂದ ಗೆದ್ದಿತು.

2022ರ ಫೆಬ್ರವರಿ 6ರಂದು ಮೂರನೆಯ ಅವಕಾಶ ಬಂದಿತು. ಅದೂ ಕ್ಯಾಮರೂನಿನ ನೆಲದಲ್ಲಿಯೇ. ಎದುರಾಳಿ ಈಜಿಪ್ಟ್. ಆಟದ ಏಳನೆಯ ನಿಮಿಷದಲ್ಲಿ ಸೆನೆಗಾಲಿನ ಸಾದಿಯೊ ಮಾನೆ ಪೆನಾಲ್ಟಿಯೊಂದನ್ನು ವ್ಯರ್ಥಗೊಳಿಸಿದನು. ಗೋಲಿಲ್ಲದೆ ಆಟ ಮುಗಿದು ಮತ್ತೆ ಪೆನಾಲ್ಟಿಗಳ ಸರದಿ ಬಂದಾಗ, ನಿರ್ಣಾಯಕ ಒದೆತಕ್ಕೆ ಬಂದವನು ಅದೇ ಮಾನೆ. ಈ ಸಲ ಚೆಂಡು ಬಲೆಯನ್ನು ಸೇರಿತು. 4-2ರ ಜಯದೊಡನೆ ಸೆನೆಗಾಲ್ ಪ್ರಪ್ರಥಮವಾಗಿ ಆಫ್ರಿಕದ ಪಾರಿತೋಷಕವನ್ನು ಪಡೆಯಿತು. ಒಮ್ಮೆ ತಪ್ಪಿದವನನ್ನು ಮತ್ತೊಮ್ಮೆ ನಂಬುವುದರ ಬೆಲೆ, ಇಪ್ಪತ್ತು ವರ್ಷದ ಹಿಂದೆ ತಾನೇ ತಪ್ಪಿದ್ದ ಸಿಸ್ಸೆಗಿಂತ ಇನ್ನಾರಿಗೆ ತಿಳಿದೀತು?

2024ರಲ್ಲಿ ಆತನು ಆ ಹುದ್ದೆಯಿಂದ ನಿರ್ಗಮಿಸಿದನು. ಮರುವರ್ಷ ಲಿಬಿಯಾ ತಂಡದ ಹೊಣೆ ಹೊತ್ತು, ಮತ್ತೆ ಮೊದಲಿನಿಂದ ಕೆಲಸ ಆರಂಭಿಸಿದನು.