ಫರ್ಮಾನ ಊಹೆಯನ್ನು ಮುರಿದ 641

32 ಎರಡುಗಳನ್ನು ಒಂದರೊಡನೊಂದು ಗುಣಿಸಿ ಬಂದ ಗುಣಲಬ್ಧಕ್ಕೆ 1ನ್ನು ಕೂಡಿಸಿದರೆ 4294967297, ಅಂದರೆ 429 ಕೋಟಿ 49 ಲಕ್ಷದ 67 ಸಾವಿರದ 297, ದೊರೆಯುತ್ತದೆ. 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗಿ ಪ್ರತಿಸಲವೂ 1ನ್ನು ಕೂಡಿಸಿದಾಗ ಬರುವ 3, 5, 17, 257, 65537 ಎಂಬ ಸಂಖ್ಯೆಗಳ ನಂತರದ ಸರದಿ ಇದರದು. ಆ ಐದೂ 1 ಮತ್ತು ತಮ್ಮ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ ಸಂಖ್ಯೆಗಳಾಗಿರುವುದನ್ನು ಕಂಡು, ಫ್ರಾನ್ಸಿನ ಟುಲೂಸ್ ನಗರದ ನ್ಯಾಯವೇತ್ತ ಪಿಯರ್ ದ ಫರ್ಮಾ ಈ ಶ್ರೇಣಿಯ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಎಂದು 1640ರಲ್ಲಿ ಊಹಿಸಿದನು. ಆದರೆ ಅದನ್ನು ಸಾಧಿಸಿ ತೋರಿಸಲು ಅವನಿಂದಾಗಲಿಲ್ಲ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಇಲ್ಲಿ ವರ್ಗಮೂಲವೇ 65536ನ್ನು ತುಸು ಮೀರುವುದರಿಂದ 6542 ಅವಿಭಾಜ್ಯಗಳು ಪರೀಕ್ಷೆಗೆ ಕಾದಿರುತ್ತವೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1732ರಲ್ಲಿ ಈ ಸಂಖ್ಯೆ 641ರಿಂದ ಭಾಗವಾಗುತ್ತದೆಂದು ತೋರಿಸಿದನು. ಇಂಥ ಹುಡುಕಾಟವನ್ನು ಕಿರಿದಾಗಿಸುವ ದಾರಿಯನ್ನೂ ಮುಂದೆ ವಿವರಿಸಿದನು.

ಆ ದಾರಿಗೆ ಆಧಾರವಾದುದು ಫರ್ಮಾನದೇ ಇನ್ನೊಂದು ಪ್ರಮೇಯ: ಬೆಸ ಅವಿಭಾಜ್ಯವೊಂದರಿಂದ 1ನ್ನು ಕಳೆದು, ಬಂದ ಸಂಖ್ಯೆಯನ್ನು 2ರ ಘಾತವಾಗಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. 2³²+1ನ್ನು ಭಾಗಿಸುವ ಅವಿಭಾಜ್ಯದ ಮಟ್ಟಿಗೆ 2³²ರ ಶೇಷ −1 ಆಗಿದ್ದು, ಅದರ ವರ್ಗವಾದ 2⁶⁴ರ ಶೇಷ 1 ಆಗುವುದರಿಂದ, 2ರ ಘಾತಗಳ ಶೇಷಗಳು ಸರಿಯಾಗಿ 64 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಆದಕಾರಣ ಆ ಅವಿಭಾಜ್ಯಕ್ಕಿಂತ 1 ಕಡಿಮೆಯಿರುವ ಸಂಖ್ಯೆ 64ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಹೀಗೆ ಸೋಸಿದಾಗ ಮೊದಲಿಗೆ ಉಳಿಯುವವು 193, 257, 449, 577, 641. ಇವುಗಳಲ್ಲಿ ಐದನೆಯದೇ ಬೇಕಾದ ಭಾಜಕ.

ಉದ್ದನೆಯ ಭಾಗಾಕಾರವಿಲ್ಲದೆಯೂ ಇದನ್ನು ತಾಳೆ ನೋಡಬಹುದು. 641 ಎಂಬುದು 5×2⁷+1 ಕೂಡ ಹೌದು, 5⁴+2⁴ ಕೂಡ ಹೌದು. ಮೊದಲ ರೂಪದಂತೆ 5×2⁷ನ್ನು 641ರಿಂದ ಭಾಗಿಸಿದಾಗ ಶೇಷ −1 ಆದ್ದರಿಂದ, ಅದರ ನಾಲ್ಕನೆಯ ಘಾತವಾದ 5⁴×2²⁸ರ ಶೇಷ 1. ಎರಡನೆಯ ರೂಪದಂತೆ 5⁴ರ ಜಾಗದಲ್ಲಿ −2⁴ನ್ನು ಇರಿಸಬಹುದಾದ್ದರಿಂದ −2³²ರ ಶೇಷವೂ 1 ಆಗಿ, 2³²+1ರಲ್ಲಿ ಶೇಷವೇ ಉಳಿಯುವುದಿಲ್ಲ. ಭಾಗಲಬ್ಧವಾದ 6700417 ಸಹ ಅವಿಭಾಜ್ಯವೇ.

ಈ ಫಲಿತಾಂಶದ ಪರಿಣಾಮ ರೇಖಾಗಣಿತವನ್ನೂ ಮುಟ್ಟುತ್ತದೆ. ಬಾಹುಗಳ ಸಂಖ್ಯೆ ಬೆಸ ಅವಿಭಾಜ್ಯವಾಗಿರುವ ಸಮಬಹುಭುಜಾಕೃತಿಯನ್ನು ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರಗಳಿಂದ ರಚಿಸಬೇಕಾದರೆ ಆ ಅವಿಭಾಜ್ಯವು ಫರ್ಮಾನ ಶ್ರೇಣಿಗೇ ಸೇರಿರಬೇಕು. 17 ಬಾಹುಗಳ ಆಕೃತಿ ಸಾಧ್ಯವೆಂದು ಗಣಿತಜ್ಞ ಗೌಸ್ 1796ರಲ್ಲಿ ಕಂಡುಕೊಂಡದ್ದು ಈ ನಂಟಿನ ಮೊದಲ ಹೊಸ ಫಲ. 65537ರ ಆಚೆ ಘಾತ 2³²ರವರೆಗಿನ ಶ್ರೇಣಿಯ ಸಂಖ್ಯೆಗಳೆಲ್ಲವೂ ಭಾಜ್ಯಗಳೆಂದು ಸಿದ್ಧವಾಗಿದ್ದು, ಫರ್ಮಾನಿಗೆ ಗೊತ್ತಿದ್ದ ಐದು ಅವಿಭಾಜ್ಯಗಳ ಪಟ್ಟಿಗೆ ಆರನೆಯದು ಇಂದಿಗೂ ಸೇರಿಲ್ಲ.