ಸುಲ್ತಾನನಿಗೆ ಬೇಡವಾದ ಸಂದಣಿ

ಬೇಸಿಗೆಯ ಕಲಬುರಗಿಯಲ್ಲಿ ಸಂಜೆ ಐದಾದರೂ ಬಿಸಿಲು ಸೋಲುವುದಿಲ್ಲ. ಡಾಂಬರು ರಸ್ತೆಯಿಂದ ಝಳ ಏಳುತ್ತಲೇ ಇರುತ್ತದೆ, ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಬರಿಗಾಲಿಟ್ಟರೆ ಅಂಗಾಲು ಚುರುಗುಡುತ್ತದೆ. ಆದರೂ ದರ್ಗಾ ಇರುವ ರೋಜಾ ಕಡೆ ಹೋಗುವ ದಾರಿಗಳೆಲ್ಲ ಮಧ್ಯಾಹ್ನದಿಂದಲೇ ತುಂಬಿವೆ. ರೈಲಿಳಿದವರು, ಬಸ್ಸಿಳಿದವರು, ಟಂಟಂನಲ್ಲಿ ಒಬ್ಬರ ಮಡಿಲಲ್ಲಿ ಒಬ್ಬರು ಕೂತು ಬಂದವರು ಗಂಟುಮೂಟೆ ಹೊತ್ತು ಒಂದೇ ದಿಕ್ಕಿಗೆ ಹೆಜ್ಜೆ ಹಾಕುತ್ತಿದ್ದಾರೆ. ಬುರ್ಖಾ ತೊಟ್ಟ ತಾಯಂದಿರ ಪಕ್ಕದಲ್ಲೇ ಇಳಕಲ್ ಸೀರೆಯ ಸೆರಗು ತಲೆಮೇಲೆ ಹೊದ್ದ ಅಜ್ಜಿಯರು, ಬಿಳಿ ಟೋಪಿಯ ಹುಡುಗರ ಹಿಂದೆ ಹಣೆಗೆ ವಿಭೂತಿ ಹಚ್ಚಿಕೊಂಡ ರೈತರು. ಯಾವ ಊರೆಂದು ಕೇಳಿದರೆ ಅಫಜಲಪುರ, ಜೇವರ್ಗಿ, ಸೊಲ್ಲಾಪುರ, ಹೈದರಾಬಾದ್ ಎಂದು ಹೆಸರುಗಳು ಬೀಳುತ್ತವೆ. ಯಾಕೆ ಬಂದಿರಿ ಎಂದು ಮಾತ್ರ ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಇವತ್ತು ಸೂಫಿ ಸಂತ ಖಾಜಾ ಬಂದಾನವಾಜರ ಉರುಸಿನ ಗಂಧ.

ನೀವೂ ಜತೆಗೆ ಬನ್ನಿ. ಅವಸರ ಬೇಡ, ಈ ಸಂದಣಿಯಲ್ಲಿ ಅವಸರ ನಡೆಯುವುದೂ ಇಲ್ಲ. ದರ್ಗಾದ ದಾರಿಯ ಎರಡೂ ಬದಿಗೆ ಅಂಗಡಿಗಳು ಸಾಲುಗಟ್ಟಿವೆ. ಜರಿಯಂಚಿನ ಹಸಿರು ಚಾದರಗಳು ಬಿದಿರುಗಳದ ಮೇಲೆ ತೂಗಾಡುತ್ತಿವೆ. ಬತ್ತಾಸು, ಚುರುಮುರಿ, ಸಕ್ಕರೆಯ ರಾಶಿಗಳ ಮೇಲೆ ಜೇನುನೊಣಗಳು ಮುತ್ತಿವೆ. ಅತ್ತರಿನ ಅಂಗಡಿಯವನು ಹಾದುಹೋಗುವವರ ಮುಂಗೈಗೆ ಬೇಡವೆಂದರೂ ಒಂದು ಗೆರೆ ಎಳೆದುಬಿಡುತ್ತಾನೆ. ಹೂವಿನವರ ಕೆಲಸದ ಮುಂದೆ ಸ್ವಲ್ಪ ನಿಲ್ಲಬೇಕು. ನೆಲಕ್ಕೆ ಗೋಣಿತಾಟು ಹಾಸಿ, ಅದರ ಮೇಲೆ ದಾರಗಳನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿದು, ದಾರ ದಾರ ಕೂಡುವ ಕಡೆಯಲ್ಲೆಲ್ಲ ಒಂದೊಂದು ಗುಲಾಬಿ ಕಟ್ಟುತ್ತಿದ್ದಾರೆ. ಬೆರಳು ಹೂವನ್ನು ಹಿಡಿದದ್ದು ಕಾಣುತ್ತದೆ, ಗಂಟು ಬಿದ್ದದ್ದು ಕಾಣುವುದಿಲ್ಲ. ನಡುನಡುವೆ ಒದ್ದೆ ಕೈಯಿಂದ ನೀರು ಚಿಮುಕಿಸುತ್ತಾರೆ. ನೋಡುತ್ತಿರುವಂತೆಯೇ ಆಳುದ್ದದ ಹೂವಿನ ಚಾದರ ಸಿದ್ಧವಾಗುತ್ತದೆ. ಅದರ ನಾಲ್ಕು ಮೂಲೆಯನ್ನು ನಾಲ್ವರು ಹಿಡಿದೆತ್ತಿ, ಪೇಟೆಯ ಗದ್ದಲದ ನಡುವೆ ನೆಲಕ್ಕೆ ತಾಕದಂತೆ ಹೊರುತ್ತಾರೆ.

ಬಾಗಿಲ ಬಳಿ ಚಪ್ಪಲಿ ಕಾಯುವ ಹುಡುಗ ಕೂತಿದ್ದಾನೆ. ಅವನ ಹಿಂದೆ ಧೂಳು ಮೆತ್ತಿದ ಜೋಡುಗಳ ಗುಡ್ಡ. "ಅಕ್ಕಾ, ಚೀಟಿ ಜೋಪಾನ ಇಟ್ಕೊಳ್ರಿ, ಕಳದ್ರ ನನಗ ಕೇಳಬ್ಯಾಡ್ರಿ" ಎನ್ನುತ್ತ ತುಂಡು ರಟ್ಟೊಂದನ್ನು ಕೈಗಿಡುತ್ತಾನೆ. ಅಲ್ಲಿಂದ ಒಳಗೆ ನಗಾರಿಖಾನೆ, ಆದಿಲ್‌ಶಾಹಿ ಕಾಲದ ಎತ್ತರದ ಕಮಾನು, ಅದರಾಚೆ ವಿಶಾಲ ಅಂಗಳ. ಅಂಗಳದ ತುಂಬ ಗೋರಿಗಳು, ಗೋರಿಗಳ ನಡುವಿನ ಜಾಗದ ತುಂಬ ಜನ. ಯಾರೋ ಬುತ್ತಿ ಬಿಚ್ಚಿದ್ದಾರೆ, ಇನ್ಯಾರೋ ಕೂಸಿಗೆ ಜೋಲಿ ಕಟ್ಟಿದ್ದಾರೆ. ಇವೆಲ್ಲದರ ಮೇಲೆ ಎರಡು ದೊಡ್ಡ ಗುಮ್ಮಟಗಳು ಎದ್ದು ನಿಂತಿವೆ. ಒಂದು ಖಾಜಾ ಅವರದು, ಇನ್ನೊಂದು ತಂದೆಗಿಂತ ಮೊದಲೇ ತೀರಿಕೊಂಡ ಮಗ ಅಕ್ಬರ್ ಹುಸೇನಿಯವರದು. ತಂದೆಯ ಮಾತುಕತೆಗಳನ್ನು ಕೇಳಿ ಬರೆದಿಟ್ಟವರು ಈ ಮಗನೇ. 'ಜವಾಮಿ ಉಲ್ ಕಲಿಂ' ಎಂಬ ಆ ಪಾರಸಿ ಸಂಗ್ರಹ ಇಲ್ಲದಿದ್ದರೆ, ಖಾಜಾ ಅವರು ದಿನನಿತ್ಯ ಜನರೊಂದಿಗೆ ಏನು ಮಾತಾಡುತ್ತಿದ್ದರು ಎಂಬುದು ನಮಗೆ ಇಷ್ಟು ತಿಳಿಯುತ್ತಿರಲಿಲ್ಲ.

ಗುಮ್ಮಟದ ಒಳಗೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು. ಹೊರಗಿನ ಬಿಸಿಲಿಗೆ ಕಣ್ಣು ಕುಗ್ಗಿರುವಾಗ ಮೊದಲು ಸಿಗುವುದು ವಾಸನೆ: ಗುಲಾಬಿ, ಲೋಬಾನ, ಊದುಬತ್ತಿ, ಬೆವರು. ಆಮೇಲೆ ಗೋಡೆಯ ಮೇಲಿನ ಬಣ್ಣದ ಚಿತ್ತಾರ, ಕನ್ನಡಿ ಚೂರುಗಳಲ್ಲಿ ಒಡೆದು ಹೊಳೆಯುವ ದೀಪ, ಚಾದರಗಳಡಿ ಮರೆಯಾದ ಮಜಾರು, ಅಂದರೆ ಸಮಾಧಿ. ಮುಜಾವರರು ನವಿಲುಗರಿಯ ಕಟ್ಟನ್ನು ತಲೆಗಳ ಮೇಲೆ ಆಡಿಸುತ್ತಾರೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಬಂದ ರೈತನೊಬ್ಬ ಗರಿಯ ಕೆಳಗೆ ಮಗುವಿನ ತಲೆ ಬಾಗಿಸುತ್ತಾನೆ. ಸಕ್ಕರೆ ಓದಿಸಿಕೊಂಡವರು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಹಿಮ್ಮುಖವಾಗಿ ಹೆಜ್ಜೆಯಿಟ್ಟು ಹೊರಗೆ ಬರುತ್ತಾರೆ.

ಪಡಸಾಲೆಯ ಕಂಬಕ್ಕೊರಗಿ ಕೂತ ಮುದುಕರೊಬ್ಬರು ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾರೆ. "ಕುಂಡ್ರ್ರಿ, ಗಂಧ ಬರೂದು ಇನ್ನಾ ತಡ ಅದ." ಹೊತ್ತು ಕಳೆಯಲು ಅವರ ಬಳಿ ಕತೆಯಿದೆ. ಎಳೆಯ ಶಿಷ್ಯ ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಿದ್ದ. ಅವನ ನೀಳ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತು. ಪಲ್ಲಕ್ಕಿ ನಿಲ್ಲಿಸಿದರೆ ಗುರುವಿಗೆ ತೊಂದರೆಯಾದೀತೆಂದು ನೋವು ನುಂಗಿಕೊಂಡು ನಡೆದೇ ನಡೆದ. ಗುರುವೆಂದರೆ ದೆಹಲಿಯ ನಸೀರುದ್ದೀನ್ ಚಿರಾಗ್, ನಿಜಾಮುದ್ದೀನ್ ಔಲಿಯಾ ಅವರ ಉತ್ತರಾಧಿಕಾರಿ. ಶಿಷ್ಯ ಸೈಯದ್ ಮುಹಮ್ಮದ್ ಹುಸೇನಿ, ಮುಂದೆ ಲೋಕಕ್ಕೆಲ್ಲ ಗೇಸುದರಾಜ್, ಅಂದರೆ ನೀಳಗೂದಲಿನವ, ಬಂದಾನವಾಜ್. ಮುದುಕರು ಕತೆ ಹೇಳುವಾಗ ತಮ್ಮ ಹೆಗಲನ್ನೇ ಒಂದಿಷ್ಟು ಬಗ್ಗಿಸುತ್ತಾರೆ, ಭಾರ ಇನ್ನೂ ಅಲ್ಲಿದೆಯೇನೋ ಎನ್ನುವಂತೆ.

ನಾವೆಲ್ಲ ಇಲ್ಲಿಗೆ ಯಾತ್ರೆ ಬಂದಿದ್ದೇವೆ. ಮಜಾರಿನಲ್ಲಿ ಮಲಗಿರುವವರೂ ಜೀವನದ ಬಹುಪಾಲು ದಾರಿ ನಡೆದವರೇ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ಕಿತ್ತು ದೌಲತಾಬಾದಿಗೆ ಹೊರಟಾಗ ಹೆತ್ತವರ ಜತೆ ದಖನ್ನಿಗೆ ಬಂದರು. ತಂದೆ ಅಲ್ಲೇ ತೀರಿಕೊಂಡು ಖುಲ್ದಾಬಾದಿನಲ್ಲಿ ಮಣ್ಣಾದರು. ಹುಡುಗ ಮತ್ತೆ ದೆಹಲಿಗೆ ಹೋಗಿ ಚಿಶ್ತಿ ಸೂಫಿ ಪಂಥದ ಗುರುವಿನ ಕೈ ಹಿಡಿದ. ಗುರು ಹೋದ ಮೇಲೂ ನಾಲ್ಕು ದಶಕ ಅಲ್ಲೇ ನಿಂತವರನ್ನು ಕೊನೆಗೆ ಎಬ್ಬಿಸಿದ್ದು ತೈಮೂರನ ದಂಡು. 1398ರಲ್ಲಿ ದೆಹಲಿ ಸುಲಿಗೆಗೆ ಸಿಕ್ಕುವ ಹೊತ್ತಿಗೆ, ಎಂಬತ್ತರ ಹತ್ತಿರದ ಆ ಮುದುಕರು ಕುಟುಂಬ, ಶಿಷ್ಯರೊಂದಿಗೆ ದಕ್ಷಿಣದ ದಾರಿ ಹಿಡಿದಿದ್ದರು. ಗ್ವಾಲಿಯರ್, ಗುಜರಾತ್, ತಂದೆಯ ಸಮಾಧಿಯಿದ್ದ ದೌಲತಾಬಾದ್ ಸೀಮೆ ದಾಟಿ, ಹೊಸ ಶತಮಾನದ ಹೊಸ್ತಿಲಲ್ಲಿ ಬಹಮನಿಗಳ ರಾಜಧಾನಿ ಕಲಬುರಗಿಗೆ ಬಂದಿಳಿದರು. ವಲಸೆ ಬಂದವರ ಮನೆಗೆ ವರ್ಷವರ್ಷ ಇಷ್ಟು ಜನ ಬರುತ್ತಾರೆ.

ಅತ್ತ ಊರಿನ ಮಹಬೂಬ್ ಗುಲ್ಶನ್ ಉದ್ಯಾನದಿಂದ ಗಂಧ ಹೊರಟ ಸುದ್ದಿ ಬಂದಿದೆ. ಮೆರವಣಿಗೆ ದಾರಿಯುದ್ದಕ್ಕೂ ಮನೆಗಳ ಮಾಳಿಗೆಯ ಮೇಲೆ ಹೆಂಗಸರು ಮಕ್ಕಳು ಸಾಲುಗೂಡಿದ್ದಾರೆ. ಓಣಿಯ ಹುಡುಗರು ಮೇಜು ಹಾಕಿ, ಐಸ್ ಹಾಕಿದ ಶರಬತ್ತಿನ ಡ್ರಮ್ಮು ಇಟ್ಟು, ಬಂದವರಿಗೆಲ್ಲ ಲೋಟ ಒಡ್ಡುತ್ತಿದ್ದಾರೆ. ಮೊದಲು ಕೇಳುವುದು ದಫ್ಫಿನ ಸದ್ದು, ಆಮೇಲೆ ಕಾಣುವುದು ಹಸಿರು ನಿಶಾನೆಗಳು, ಅವುಗಳ ಹಿಂದೆ ಬಣ್ಣಬಣ್ಣದ ಮಣಿಸರಗಳ ಫಕೀರರ ಗುಂಪು. ನಡುವೆ, ಬಟ್ಟೆ ಮುಚ್ಚಿದ ಗಂಧದ ಪಾತ್ರೆ. ಅದು ಹತ್ತಿರವಾದಂತೆ ಜನ ಕೈ ಚಾಚುತ್ತಾರೆ. ಮುಟ್ಟಲಾಗದವರು ಮುಟ್ಟಿದವರ ಕೈಯನ್ನು ಮುಟ್ಟುತ್ತಾರೆ. ನೂಕುನುಗ್ಗಲಿನಲ್ಲಿ ಸಿಕ್ಕಿಬಿದ್ದ ಅಜ್ಜಿಯೊಬ್ಬರನ್ನು ಗಡ್ಡದ ಯಜಮಾನರೊಬ್ಬರು ತೋಳು ಅಡ್ಡಹಾಕಿ "ಬಾ ಯವ್ವಾ, ಈ ಕಡಿ ಬಾ" ಎಂದು ಗೋಡೆಯ ಪಕ್ಕಕ್ಕೆ ತರುತ್ತಾರೆ. ರಾತ್ರಿ ಗಂಧ ಗುಮ್ಮಟ ಸೇರುತ್ತದೆ. ದರ್ಗಾದ ಪೀಠಾಧಿಕಾರಿ ಸಜ್ಜಾದಾನಶೀನರು ಅದನ್ನು ಮಜಾರಿಗೆ ಲೇಪಿಸುತ್ತಾರೆ. ಉಳಿದದ್ದು ತಬರುಕ್ ಎಂಬ ಪ್ರಸಾದವಾಗಿ ಸಾವಿರಾರು ಬೆರಳುಗಳಿಗೆ ಹಂಚಿಹೋಗುತ್ತದೆ.

ಉರುಸು ಮೂರು ದಿನದ್ದು: ಇಸ್ಲಾಮಿ ಪಂಚಾಂಗದ ಜೀಕಾದ್ ತಿಂಗಳ 15ಕ್ಕೆ ಗಂಧ, 16ಕ್ಕೆ ದೀಪ, 17ಕ್ಕೆ ಜಿಯಾರತ್, ಅಂದರೆ ಸಮಾಧಿ ದರ್ಶನ. ದೀಪದ ಇರುಳು ಗುಮ್ಮಟ, ಕಮಾನು, ಅಂಗಳವೆಲ್ಲ ಬೆಳಕಿನಲ್ಲಿ ಮೀಯುತ್ತದೆ. ಪಕ್ಕದ ಮೈದಾನದ ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ತಿರುಗುವ ತೊಟ್ಟಿಲಿನ ಮಕ್ಕಳ ಕೇಕೆ, ಈ ಕಡೆ ಕವ್ವಾಲರ ಚಪ್ಪಾಳೆ. ಹಾರ್ಮೋನಿಯಂ ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ, ಢೋಲಕ್ ಅದನ್ನು ತಳ್ಳುತ್ತ ಹೋಗುತ್ತದೆ. ಕೇಳುತ್ತ ಕೂತವರಲ್ಲಿ ಒಬ್ಬ ಥಟ್ಟನೆ ಎದ್ದು ನಿಂತರೆ ಉಳಿದವರು ಅವನಿಗೆ ಜಾಗ ಬಿಡುತ್ತಾರೆ. ಚಿಶ್ತಿಗಳಿಗೆ ಹಾಡು ಕೇಳುವುದೂ ಒಂದು ಸಾಧನೆ. ಖಾಜಾ ಪರಂಪರೆಯಲ್ಲಿ ಇದರ ಇನ್ನೊಂದು ರೂಪವೂ ಉಂಟು: 'ಬಂದ್ ಸಮಾ'. ಅದು ಬಾಗಿಲು ಮುಚ್ಚಿ, ಆಯ್ದ ಕೆಲವರೇ ಕೂತು ಕೇಳುವ ಗೋಷ್ಠಿ. ಅಂಗಳದ ಕವ್ವಾಲಿ ಬಂದವರಿಗೆಲ್ಲ, ಬಂದ್ ಸಮಾ ಪಳಗಿದ ಕಿವಿಗಳಿಗೆ. ಸೂಫಿಗಳ ಹಾಡು ಮನೆಯ ಮೂಲೆಗೂ ಹೋಗಿತ್ತು. ಬಿಜಾಪುರದ ಸೂಫಿಗಳು ದಖನಿ ಮಾತಿನಲ್ಲಿ ಕಟ್ಟಿದ ಚಕ್ಕಿನಾಮಾ, ಚರಖಾನಾಮಾಗಳನ್ನು ಹೆಂಗಸರು ಬೀಸುವಾಗ, ನೂಲುವಾಗ ಹಾಡುತ್ತಿದ್ದರು.

ನಿಜವಾದ ಉರುಸು ನೋಡಬೇಕೆಂದರೆ ಅಡುಗೆಯ ಕಡೆ ನಡೆಯಬೇಕು. ಕಟ್ಟಿಗೆಯ ಒಲೆಗಳ ಮೇಲೆ ಆಳು ಕೂರುವಷ್ಟು ದೊಡ್ಡ ದೇಗುಗಳು. ಈರುಳ್ಳಿ ಹೆಚ್ಚುವವರ ಕಣ್ಣು ಕೆಂಪಾಗಿವೆ. ಲುಂಗಿ ಮೇಲೆತ್ತಿ ಕಟ್ಟಿದ ಅಡುಗೆಯವರು ಹುಟ್ಟಿನಷ್ಟು ಉದ್ದದ ಸೌಟನ್ನು ಎರಡು ಕೈಯಲ್ಲಿ ಹಿಡಿದು ತಳದಿಂದ ಕದಡುತ್ತಾರೆ. ಎಣ್ಣೆಯಲ್ಲಿ ಲವಂಗ, ಚಕ್ಕೆ ಸಿಡಿದ ಘಮಲು ಹೊಗೆಯ ಜತೆ ಏಳುತ್ತದೆ, ಅರಿಸಿನ ಬಣ್ಣದ ತಹರಿ ಅನ್ನ ಕುದಿಯುತ್ತದೆ. ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಮೇಲೆ ಕೆಂಡ ಹರಡಿದ ಮೇಲೆ ಮಾತ್ರ ಅವರು ಒಂದು ಬೀಡಿ ಹಚ್ಚುವುದು. ಮುಚ್ಚಳ ತೆರೆದಾಗ ಸಾಲು ಹಿಡಿದವರಲ್ಲಿ ಹರಕೆ ಹೊತ್ತವರಿದ್ದಾರೆ, ಭಿಕ್ಷುಕರಿದ್ದಾರೆ, ಆಟೋದವರಿದ್ದಾರೆ, ಬಂದೋಬಸ್ತಿಗೆ ನಿಂತು ಸುಸ್ತಾದ ಪೊಲೀಸರೂ ಇದ್ದಾರೆ. ತಟ್ಟೆ ಒಡ್ಡಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಶರಣಬಸವೇಶ್ವರರ ದಾಸೋಹ ಕಂಡ ಕಲಬುರಗಿಯವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಈ ಊರಿನಲ್ಲಿ ದೊಡ್ಡವರಾದವರೆಲ್ಲ ಮೊದಲು ಉಣಬಡಿಸಿದವರು.

ಉಂಡ ಮೇಲೆ ಸ್ವಲ್ಪ ನಡೆಯೋಣ. ದರ್ಗಾದಿಂದ ಕಾಲ್ನಡಿಗೆಯ ದೂರದಲ್ಲೇ ಹಫ್ತ್ ಗುಂಬಜ್ ಇದೆ, ಬಹಮನಿ ಅರಸರ ಗೋರಿಗಳ ಸಾಲು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು, ಸುಲ್ತಾನ್ ಫಿರೋಜ್ ಷಾನದು. ಒಳ್ಳೆಯ ಓದುಗ, ಹಲವು ಭಾಷೆ ಬಲ್ಲವ, ದೌಲತಾಬಾದಿನ ಹತ್ತಿರ ಗ್ರಹತಾರೆ ನೋಡುವ ವೇಧಶಾಲೆ ಕಟ್ಟಿಸಲು ಹೊರಟವ. ಖಾಜಾ ಬಂದಾಗ ಆದರದಿಂದ ಬರಮಾಡಿಕೊಂಡವನೂ ಅವನೇ. ಮುಂದೆ ಇಬ್ಬರ ನಡುವೆ ಬಿರುಕು ಬಿತ್ತು. ಇತಿಹಾಸಕಾರ ಫಿರಿಶ್ತಾ ಬರೆದಿಟ್ಟ ಪ್ರಕಾರ, ತನ್ನ ಮಗನಿಗೆ ಪಟ್ಟವೆಂದು ಹರಸಲು ಸುಲ್ತಾನ ಕೇಳಿದ. ಖಾಜಾ ಒಪ್ಪಲಿಲ್ಲ, ಪಟ್ಟ ಸುಲ್ತಾನನ ತಮ್ಮ ಅಹಮದನದು ಎಂದರು. ಕೋಟೆಯ ಹತ್ತಿರ ನಿಮ್ಮ ಖಾನಖಾ ಮಠದಲ್ಲಿ ಜನಸಂದಣಿ ಹೆಚ್ಚಾಗಿದೆ, ಜಾಗ ಬಿಡಿ ಎಂದು ಸುಲ್ತಾನನಿಂದ ಅಪ್ಪಣೆ ಬಂತು. ಖಾಜಾ ಎದ್ದು ಊರಾಚೆಗೆ ಬಂದರು. ಈಗ ನಾವು ತಹರಿ ಉಂಡೆವಲ್ಲ, ಆ ಜಾಗಕ್ಕೆ.

ಅರಸ, ಸಂತ ಇಬ್ಬರೂ ಕಣ್ಮುಚ್ಚಿದ್ದು 1422ರಲ್ಲೇ. ಪಟ್ಟಕ್ಕೆ ಬಂದವ ಅಹಮದ್ ಷಾ. ಖಾಜಾ ಅವರ ಗುಮ್ಮಟ ಎದ್ದದ್ದು ಅವನ ಕಾಲದಲ್ಲಿ. ಮುಂದೆ ಅವನು ರಾಜಧಾನಿಯನ್ನು ಬೀದರಿಗೆ ಒಯ್ದ, ಅಷ್ಟೂರಿನಲ್ಲಿ ಮಣ್ಣಾದ. ಅಲ್ಲಿ ಅವನಿಗೂ ವರ್ಷವರ್ಷ ಉರುಸು ನಡೆಯುತ್ತದೆ. ಅಲ್ಲಮಪ್ರಭುವೇ ಅವನೆಂದು ನಂಬಿದ ಭಕ್ತರು ಸೇರುತ್ತಾರೆ, ಆಳಂದ ಸೀಮೆಯ ಮಾಡ್ಯಾಳದಿಂದ ಜಂಗಮರು ಹೋಗುತ್ತಾರೆ. ಇತ್ತ ಫಿರೋಜ್ ಷಾ ಮಲಗಿರುವ ಹಫ್ತ್ ಗುಂಬಜಿನಲ್ಲಿ ಪಾರಿವಾಳಗಳಿವೆ, ಪುರಾತತ್ವ ಇಲಾಖೆಯ ಫಲಕವಿದೆ, ಸೆಲ್ಫಿ ತೆಗೆದುಕೊಳ್ಳುವ ಕಾಲೇಜು ಹುಡುಗರಿದ್ದಾರೆ. ಜನರನ್ನು ಬಾಗಿಲಿಂದ ಕಳಿಸಿದ ಅರಸನಿಗೆ ಪ್ರವಾಸಿಗಳು ಸಿಕ್ಕರು, ಜನರ ಜತೆ ಕೂಡಿದವನಿಗೆ ಜಾತ್ರೆ ಸಿಕ್ಕಿತು.

ಊರಾಚೆ ಎಂದಿದ್ದ ಆ ಜಾಗದ ಸುತ್ತ ಈಗ ಊರೇ ಬೆಳೆದಿದೆ. ದರ್ಗಾದ ಆಸರೆಯಲ್ಲಿ 1958ರಲ್ಲಿ ಶುರುವಾದ ಶಿಕ್ಷಣ ಸಂಸ್ಥೆ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳನ್ನು ಕಟ್ಟಿತು, 2018ರಲ್ಲಿ ಖಾಜಾ ಬಂದಾನವಾಜ ವಿಶ್ವವಿದ್ಯಾಲಯವಾಯಿತು. ಹಳ್ಳಿಯಿಂದ ಹರಕೆಗೆ ಬಂದ ತಾಯಿ, ಮಗಳ ಕಾಲೇಜು ಫೀಸಿನ ಲೆಕ್ಕವನ್ನೂ ಇದೇ ಅಂಗಳದಲ್ಲಿ ಕೂತು ಹಾಕುವುದುಂಟು.

ನೀವು ಹೋಗುವುದಾದರೆ ದಿನ ವಿಚಾರಿಸಿಕೊಂಡು ಹೊರಡಿ. ಚಾಂದ್ರಮಾನದ ಲೆಕ್ಕವಾದ್ದರಿಂದ ಉರುಸು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಈಚಿನ ವರ್ಷಗಳಲ್ಲಿ ಮೇ ತಿಂಗಳ ಉರಿಬಿಸಿಲಿಗೆ ಬಿದ್ದದ್ದು ಮುಂದೆ ಚಳಿಗಾಲಕ್ಕೂ ಹೋಗುತ್ತದೆ. ತಲೆಗೊಂದು ವಸ್ತ್ರ, ಕುಡಿಯಲು ನೀರು ಇರಲಿ. ಹಫ್ತ್ ಗುಂಬಜಿಗೂ ಅರ್ಧ ಗಂಟೆ ಕೊಡಿ. ಲಂಗರಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಲು ಮಾತ್ರ ಸಂಕೋಚಪಡಬೇಡಿ. ಆರು ನೂರು ವರ್ಷದಿಂದ ಅಲ್ಲಿ ಯಾರನ್ನೂ ಸಂದಣಿ ಎಂದು ಎಣಿಸಿಲ್ಲ.